ಕೆಲಸ, ಮಕ್ಕಳು, ಅರ್ಧಕ್ಕೆ ನಿಂತ ಡಿಗ್ರಿ: ತುಮಕೂರು ಜಿಲ್ಲೆಯವರಿಗೊಂದು ಕೈಪಿಡಿ

ಮನೆ, ಮಕ್ಕಳು, ನೌಕರಿ ಇಟ್ಟುಕೊಂಡು ಡಿಗ್ರಿಗೆ ಸೇರಿ ನಡುವೆ ಬಿಟ್ಟವರನ್ನು ಕಾರಣ ಕೇಳಿ ನೋಡಿ. ಅಸೈನ್‌ಮೆಂಟ್ ಕೊಡುವ ತಾರೀಖು ದಾಟಿತು, ಪರೀಕ್ಷೆಗೆ ರಜೆ ಸಿಗಲಿಲ್ಲ, ಹಿಂದಿನ ರಾತ್ರಿ ಮಗುವಿಗೆ ಜ್ವರ ಬಂತು, ಆಧಾರ್‌ನಲ್ಲಿ ಹೆಸರು ಬೇರೆ ಇತ್ತು ಎನ್ನುತ್ತಾರೆ. ಪುಸ್ತಕ ತಲೆಗೆ ಹತ್ತಲಿಲ್ಲ ಎನ್ನುವವರು ಕಡಿಮೆ. ಹಾಗಾಗಿ ಇಲ್ಲಿ ಓದಿನ ಮಾತಿಗಿಂತ ತಾರೀಖು, ಕಾಗದ, ಗಂಟೆಗಳ ಲೆಕ್ಕವೇ ಹೆಚ್ಚು. ವಸಂತನರಸಾಪುರದ ಕಾರ್ಖಾನೆಗಳಲ್ಲಿ ಶಿಫ್ಟ್ ಮಾಡುವವರು, ಗಾರ್ಮೆಂಟ್ಸ್‌ಗೆ ಹೋಗುವವರು, ಆಶಾ ಕಾರ್ಯಕರ್ತೆಯರು, ಕಚೇರಿಗಳಲ್ಲಿ ಹೊರಗುತ್ತಿಗೆಯಲ್ಲಿ ಇರುವವರು, ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವರು, ಇವರನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಯಾವುದಕ್ಕೆ ಬೇಕು ಈ ಡಿಗ್ರಿ?

ಅರ್ಜಿ ಹಾಕುವ ಮೊದಲು ಇದೊಂದನ್ನು ತೀರ್ಮಾನಿಸಿ. ಕಾರಣ ವಯಸ್ಸು. ರಾಜ್ಯ ಸರ್ಕಾರದ ಪ್ರಥಮ ದರ್ಜೆ ಸಹಾಯಕ, ಪಿಡಿಒ ಹುದ್ದೆಗಳಿಗೆ ಪದವಿ ಬೇಕು. ದ್ವಿತೀಯ ದರ್ಜೆಗೆ ಪಿಯುಸಿ ಸಾಕು. ನೇಮಕಾತಿಯ ಮೂಲ ವಯೋಮಿತಿ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟ ಜಾತಿ, ಪಂಗಡಕ್ಕೆ 40. ಸರ್ಕಾರ ಆಗಾಗ ಒಂದಷ್ಟು ವರ್ಷ ಸಡಿಲಿಸುತ್ತದೆ, ಆದರೆ ಅದನ್ನೇ ನಂಬಿ ಕೂರಬಾರದು. ವಿಧವೆಯರಿಗೆ ಹೆಚ್ಚುವರಿ ರಿಯಾಯಿತಿ ಇದೆ. 34 ವರ್ಷದವರು ಆರು ವರ್ಷ ನಿಧಾನವಾಗಿ ಓದಿ 40ಕ್ಕೆ ಡಿಗ್ರಿ ಕೈಗೆ ತೆಗೆದುಕೊಂಡರೆ ಈ ದಾರಿ ಬಹುತೇಕ ಮುಚ್ಚಿರುತ್ತದೆ. ಅಂಥವರು ಪಿಯುಸಿ ಮಟ್ಟದ ಹುದ್ದೆಗೆ ಈಗಲೇ ತಯಾರಾಗುವುದು ಬುದ್ಧಿವಂತಿಕೆ. ಖಾಸಗಿ ಕಂಪನಿಯಲ್ಲಿ ಸೂಪರ್‌ವೈಸರ್ ಆಗಲು, ಈಗಿರುವ ಕೆಲಸದಲ್ಲಿ ಬಡ್ತಿಗೆ, ಮುಂದೆ ಬಿಎಡ್ ಮಾಡಲು ಬೇಕಿದ್ದರೆ ನಿಧಾನಗತಿ ತೊಂದರೆಯಿಲ್ಲ.

ಹಳೆಯದನ್ನು ಮುಗಿಸುವುದೋ, ಹೊಸದಾಗಿ ಸೇರುವುದೋ

ಎರಡು ಮೂರು ವಿಷಯ ಮಾತ್ರ ಉಳಿದಿದ್ದರೆ ಮೊದಲು ಹಳೆಯ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ವಿಚಾರಿಸಿ. ಯಾವ ವಿಶ್ವವಿದ್ಯಾಲಯ ಎಂಬುದು ನಿಮ್ಮ ಮಾರ್ಕ್ಸ್ ಕಾರ್ಡಿನ ಮೇಲಿದೆ. ತುಮಕೂರು ವಿಶ್ವವಿದ್ಯಾಲಯ ಆರಂಭವಾದದ್ದು 2004ರಲ್ಲಿ. ಅದಕ್ಕೂ ಮೊದಲು ಇಲ್ಲಿನ ಕಾಲೇಜುಗಳು ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಆ ಕಾಲದಲ್ಲಿ ಬಿಟ್ಟವರು ತುಮಕೂರಿನ ಕೌಂಟರ್‌ನಲ್ಲಿ ನಿಂತರೆ ಕೆಲಸ ಆಗುವುದಿಲ್ಲ. ಬ್ಯಾಕ್ ಉಳಿಸಿಕೊಂಡವರಿಗೆ ವರ್ಷಗಳ ಮಿತಿ ಇರುತ್ತದೆ. ಮಿತಿ ದಾಟಿದವರಿಗೆ ವಿಶ್ವವಿದ್ಯಾಲಯಗಳು ಒಮ್ಮೊಮ್ಮೆ ವಿಶೇಷ ಅವಕಾಶ ಕೊಟ್ಟು ಸುತ್ತೋಲೆ ಹೊರಡಿಸುತ್ತವೆ. ಸಿಲಬಸ್ ಬದಲಾಗಿದ್ದರೆ ಯಾವ ವಿಷಯಕ್ಕೆ ಬದಲಾಗಿ ಯಾವುದನ್ನು ಬರೆಯಬೇಕು ಎಂಬುದನ್ನು ಬಾಯಿಮಾತಿನಲ್ಲಿ ಕೇಳಿ ಬರಬೇಡಿ, ಬರಹದಲ್ಲಿ ಪಡೆಯಿರಿ.

ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಹೊಸದಾಗಿ ದೂರಶಿಕ್ಷಣಕ್ಕೆ ಸೇರುವುದೇ ವಾಸಿ. ಮುಖ್ಯವಾಗಿ ಎರಡು ದಾರಿ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಹೊಂದುತ್ತದೆ: ಬಿಎ, ಬಿಕಾಂ ಪಠ್ಯ ಕನ್ನಡದಲ್ಲಿ ಸಿಗುತ್ತದೆ, ಉತ್ತರ ಕನ್ನಡದಲ್ಲಿ ಬರೆಯಬಹುದು, ತುಮಕೂರಿನಲ್ಲೇ ಪ್ರಾದೇಶಿಕ ಕೇಂದ್ರವಿದೆ. ಇಂಗ್ಲಿಷ್ ಓದಿ ಬರೆಯಲು ಧೈರ್ಯ ಇರುವವರಿಗೆ ಇಗ್ನೊ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ. ಅಲ್ಲಿ ಪಾಠದ ಪುಸ್ತಕಗಳು ಇ-ಜ್ಞಾನಕೋಶ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ, ಪದವಿಗೆ ಕನಿಷ್ಠ 3, ಗರಿಷ್ಠ 6 ವರ್ಷ ಕಾಲಾವಕಾಶ, ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ. ಎರಡೂ ಕಡೆ ಪ್ರವೇಶ ಜುಲೈ ಮತ್ತು ಜನವರಿ ಆವೃತ್ತಿಗಳಲ್ಲಿ ನಡೆಯುತ್ತದೆ.

ಎಸ್ಸೆಸ್ಸೆಲ್ಸಿಗೆ ನಿಲ್ಲಿಸಿದವರು ಮೊದಲು ಖಾಸಗಿ ಅಭ್ಯರ್ಥಿಯಾಗಿ ಪಿಯುಸಿ ಕಟ್ಟಬೇಕು. ಪಿಯುಸಿ ಇಲ್ಲದೆ ನೇರ ಡಿಗ್ರಿ ಕೊಡಿಸುತ್ತೇವೆ ಎಂಬ ಮಾತಿಗೆ ಕಿವಿಗೊಡಬೇಡಿ.

ಮಾನ್ಯತೆ ನೋಡುವ ಬಗೆ

ಬಸ್‌ಸ್ಟ್ಯಾಂಡ್ ಗೋಡೆಗಳ ಮೇಲೆ ‘ಒಂದೇ ವರ್ಷದಲ್ಲಿ ಡಿಗ್ರಿ’ ಎಂಬ ಪೋಸ್ಟರ್ ಕಾಣದವರಿಲ್ಲ. ಮೂರು ವರ್ಷದ ಪದವಿಯನ್ನು ಒಂದು ವರ್ಷದಲ್ಲಿ ಕೊಡಲು ಯಾರಿಗೂ ಅಧಿಕಾರವಿಲ್ಲ, ಅಲ್ಲಿಗೆ ಮಾತು ಮುಗಿಯಿತು.

ನಿಜವಾದ ವಿಶ್ವವಿದ್ಯಾಲಯದ ವಿಷಯದಲ್ಲೂ ಎಚ್ಚರ ಬೇಕು. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ದೂರಶಿಕ್ಷಣದ ಮಾನ್ಯತೆಯನ್ನು ವಿಶ್ವವಿದ್ಯಾಲಯಕ್ಕೆ ಒಟ್ಟಾಗಿ ಕೊಟ್ಟು ಕೈತೊಳೆದುಕೊಳ್ಳುವುದಿಲ್ಲ; ಯಾವ ಕೋರ್ಸ್, ಯಾವ ವರ್ಷದ ಪ್ರವೇಶ ಎಂದು ನೋಡಿ ಕೊಡುತ್ತದೆ. ನಮ್ಮ ಮುಕ್ತ ವಿಶ್ವವಿದ್ಯಾಲಯಕ್ಕೇ 2013-14ರಿಂದ ಮಾನ್ಯತೆ ಇಲ್ಲದೆ ಹೋಗಿ, ಮತ್ತೆ ಸಿಕ್ಕಿದ್ದು 2018ರಲ್ಲಿ. ಆ ನಡುವೆ ಸೇರಿದವರು ಪಟ್ಟ ಪಾಡು ಜಿಲ್ಲೆಯಲ್ಲಿ ಅನೇಕರಿಗೆ ಗೊತ್ತು. ಆದ್ದರಿಂದ ಯುಜಿಸಿಯ ದೂರಶಿಕ್ಷಣ ಬ್ಯೂರೋ ಜಾಲತಾಣದಲ್ಲಿ ನೀವು ಸೇರುವ ವರ್ಷದ ಪಟ್ಟಿ ತೆರೆದು, ನಿಮ್ಮ ಕೋರ್ಸಿನ ಹೆಸರಿರುವ ಪುಟವನ್ನು ಪ್ರಿಂಟ್ ತೆಗೆದು ಮಾರ್ಕ್ಸ್ ಕಾರ್ಡ್ ಜೊತೆ ಇಡಿ. ಹತ್ತು ವರ್ಷದ ನಂತರ ದಾಖಲೆ ಪರಿಶೀಲನೆಯಲ್ಲಿ ಯಾರಾದರೂ ಕೇಳಿದರೆ ಅದು ಕೈಯಲ್ಲಿರುತ್ತದೆ. ಮಾನ್ಯತೆ ಇರುವ ದೂರಶಿಕ್ಷಣದ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನ ಎಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ. ಎಂಜಿನಿಯರಿಂಗ್, ನರ್ಸಿಂಗ್, ಫಾರ್ಮಸಿ, ಕಾನೂನು ಪದವಿಗಳನ್ನು ದೂರಶಿಕ್ಷಣದಲ್ಲಿ ಕೊಡುವಂತಿಲ್ಲ.

ಹೆಸರು ಒಂದೇ ಇರಲಿ

2024ರಿಂದ ದೂರಶಿಕ್ಷಣ ಮತ್ತು ಆನ್‌ಲೈನ್ ಕೋರ್ಸಿಗೆ ಸೇರಲು ಡಿಇಬಿ ಐಡಿ (ಯುಜಿಸಿಯ ಅದೇ ದೂರಶಿಕ್ಷಣ ಬ್ಯೂರೋ ಕೊಡುವ ಗುರುತಿನ ಸಂಖ್ಯೆ) ಕಡ್ಡಾಯ. ಅದನ್ನು ಮಾಡಿಸಲು ಎಬಿಸಿ ಐಡಿ (ವಿದ್ಯಾರ್ಥಿ ಗಳಿಸಿದ ಕ್ರೆಡಿಟ್ ಜಮಾ ಆಗುವ ಖಾತೆಯ ಸಂಖ್ಯೆ) ಬೇಕು, ಎಬಿಸಿ ಐಡಿಗೆ ಡಿಜಿಲಾಕರ್, ಡಿಜಿಲಾಕರ್‌ಗೆ ಆಧಾರ್ ಮತ್ತು ಅದಕ್ಕೆ ಜೋಡಿಸಿದ ಮೊಬೈಲ್ ನಂಬರ್. ಈ ಸರಪಳಿಯಲ್ಲಿ ಸಿಕ್ಕಿಬೀಳುವವರು ಹೆಚ್ಚಾಗಿ ಮದುವೆಯಾದ ಹೆಣ್ಣುಮಕ್ಕಳು. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಊರು ಮತ್ತು ಅಪ್ಪನ ಹೆಸರಿನ ಇನಿಷಿಯಲ್, ಆಧಾರ್‌ನಲ್ಲಿ ಗಂಡನ ಹೆಸರು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನಿಷಿಯಲ್ಲೇ ಇಲ್ಲ. ಆಧಾರ್‌ಗೆ ಜೋಡಿಸಿದ ನಂಬರ್ ಗಂಡನದೋ ಅಣ್ಣನದೋ ಆಗಿದ್ದರೆ ಒಟಿಪಿ ಅವರ ಫೋನಿಗೆ ಹೋಗುತ್ತದೆ.

ಪರಿಹಾರ ಹೀಗೆ: ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡನ್ನು ಮೂಲ ಎಂದಿಟ್ಟುಕೊಂಡು ಆಧಾರ್‌ನಲ್ಲಿ ಹೆಸರು ತಿದ್ದಿಸಿ, ಅದೇ ಸಲ ನಿಮ್ಮದೇ ನಂಬರ್ ಜೋಡಿಸಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ. ಹಾಗಾಗಿ ಆಪರೇಟರ್ ಟೈಪ್ ಮಾಡಿದ್ದನ್ನು ಇಂಗ್ಲಿಷ್‌ನಲ್ಲೂ ಕನ್ನಡದಲ್ಲೂ ಅಕ್ಷರ ಅಕ್ಷರ ಓದಿಯೇ ಸಹಿ ಹಾಕಿ. ಇದನ್ನೆಲ್ಲ ಪ್ರವೇಶದ ಕೊನೆಯ ವಾರಕ್ಕೆ ಇಟ್ಟುಕೊಂಡರೆ ಆವೃತ್ತಿಯೇ ತಪ್ಪುತ್ತದೆ. ಎರಡು ತಿಂಗಳು ಮೊದಲೇ ಶುರು ಮಾಡಿ.

ಜೊತೆಗೆ ಬೇಕಾದವು: ಎಸ್ಸೆಸ್ಸೆಲ್ಸಿ, ಪಿಯುಸಿ ಮಾರ್ಕ್ಸ್ ಕಾರ್ಡ್, ಕೊನೆಯಲ್ಲಿ ಓದಿದ ಕಾಲೇಜಿನ ಟಿಸಿ, ಬೇರೆ ವಿಶ್ವವಿದ್ಯಾಲಯದಲ್ಲಿ ಓದಿದ್ದರೆ ಅಲ್ಲಿನ ಮೈಗ್ರೇಷನ್ ಸರ್ಟಿಫಿಕೇಟ್, ಜಾತಿ ಮತ್ತು ಆದಾಯ ಪ್ರಮಾಣಪತ್ರ. ಹಳೆಯ ಕಾಲೇಜಿನಿಂದ ಟಿಸಿ ತರದೆ ಬಿಟ್ಟವರು ಬಹಳ ಜನ. ಸರ್ಕಾರಿ ನೌಕರರು ಸೇರುವ ಮೊದಲೇ ಮೇಲಧಿಕಾರಿಯಿಂದ ಲಿಖಿತ ಅನುಮತಿ ಪಡೆಯಬೇಕು. ಡಿಗ್ರಿ ಮುಗಿಸಿ ಸೇವಾ ಪುಸ್ತಕದಲ್ಲಿ ದಾಖಲಿಸಲು ಹೋದಾಗ ಮೊದಲು ಕೇಳುವುದೇ ಆ ಕಾಗದವನ್ನು.

ಗಂಟೆಗಳ ಲೆಕ್ಕ

ದೂರಶಿಕ್ಷಣದಲ್ಲಿ ಒಂದು ಕ್ರೆಡಿಟ್ ಎಂದರೆ ವಿದ್ಯಾರ್ಥಿಯ 30 ಗಂಟೆಯ ಓದು. 120 ಕ್ರೆಡಿಟ್‌ನ ಪದವಿಗೆ 3600 ಗಂಟೆ. ಮೂರೇ ವರ್ಷದಲ್ಲಿ ಮುಗಿಸಬೇಕೆಂದರೆ ವಾರಕ್ಕೆ 23 ಗಂಟೆ ಬೇಕು. ಎಂಟು ಗಂಟೆ ಡ್ಯೂಟಿ, ಹೋಗಿಬರಲು ಎರಡು ಗಂಟೆ, ಅಡುಗೆ, ಮಕ್ಕಳ ಹೋಂವರ್ಕ್ ಇರುವ ಮನೆಯಲ್ಲಿ ಇದು ನಡೆಯುವ ಮಾತಲ್ಲ. ಅದೇ 3600 ಗಂಟೆಯನ್ನು ಆರು ವರ್ಷಕ್ಕೆ ಹಂಚಿದರೆ ವಾರಕ್ಕೆ ಹನ್ನೊಂದೂವರೆ. ಇದು ಕಷ್ಟ, ಆದರೆ ಸಾಧ್ಯ.

ಪಾಸಾಗಲು ಇಷ್ಟು ಗಂಟೆ ಬೇಡ ಎನ್ನುವವರಿದ್ದಾರೆ. ನಿಜವೇ, ಓದಿನ ರೂಢಿ ಇರುವವರಿಗೆ ಕಡಿಮೆ ಸಾಕು. ಹತ್ತು ವರ್ಷ ಪುಸ್ತಕ ಮುಟ್ಟದವರಿಗೆ ಮೊದಲ ವರ್ಷ ಇಷ್ಟೂ ಬೇಕಾಗುತ್ತದೆ.

ನಾಲ್ಕು ಕ್ರೆಡಿಟ್‌ನ ಒಂದು ವಿಷಯಕ್ಕೆ 120 ಗಂಟೆ. ವಾರಕ್ಕೆ ಹನ್ನೊಂದೂವರೆ ಗಂಟೆಯಾದರೆ ವರ್ಷಕ್ಕೆ ಐದು ವಿಷಯ ಕೈಗೆ ಸಿಗುತ್ತವೆ. ಎಲ್ಲದಕ್ಕೂ ಫೀಸ್ ಕಟ್ಟಿ, ಎಲ್ಲ ಪುಸ್ತಕ ತೆರೆದು, ಒಂದನ್ನೂ ಮುಗಿಸದೆ ಪರೀಕ್ಷೆಗೆ ಹೋಗುವುದೇ ಬಹುಪಾಲು ಮಂದಿ ಮೊದಲ ವರ್ಷ ಬಿದ್ದುಹೋಗುವ ಜಾಗ. ನಿಯಮ ಅವಕಾಶ ಕೊಡುವ ಕಡೆ ಒಂದು ಸಲಕ್ಕೆ ಎರಡು ಅಥವಾ ಮೂರು ವಿಷಯಕ್ಕೆ ಮಾತ್ರ ಪರೀಕ್ಷಾ ಅರ್ಜಿ ಹಾಕಿ. ಮುಂದಿನ ವರ್ಷದ ಮರುನೋಂದಣಿಯನ್ನು ಮಾತ್ರ ತಪ್ಪಿಸಬೇಡಿ. ಹಿಂದಿನ ವಿಷಯ ಉಳಿದಿದ್ದರೂ ಅದು ಮಾಡಬೇಕಾದದ್ದೇ.

ಎರಡು ಯಾವಾಗ, ಮೂರು ಯಾವಾಗ? ಮನೆಯ ವರ್ಷ ನೋಡಿ ತೀರ್ಮಾನಿಸಿ. ಜೂನ್ ಪರೀಕ್ಷೆಯ ಹೊತ್ತಿಗೆ ಶಾಲೆ ಶುರುವಾಗಿರುತ್ತದೆ: ಮಕ್ಕಳ ಫೀಸ್, ಯೂನಿಫಾರಂ, ನೋಟ್‌ಬುಕ್, ಹೊಸ ವ್ಯಾನ್. ಮಾರ್ಚ್-ಏಪ್ರಿಲ್‌ನಲ್ಲಿ ದೊಡ್ಡ ಮಗನೋ ಮಗಳೋ ಎಸ್ಸೆಸ್ಸೆಲ್ಸಿ ಬರೆಯುತ್ತಿದ್ದರೆ ನಿಮ್ಮ ಓದು ಆ ಎರಡು ತಿಂಗಳು ನಿಂತಂತೆಯೇ. ಹಾಗಾಗಿ ಜೂನ್‌ಗೆ ಎರಡು ವಿಷಯ ಸಾಕು. ಡಿಸೆಂಬರ್‌ಗೆ ಮೂರು, ದಸರಾ ರಜೆಯಲ್ಲಿ ಮಕ್ಕಳನ್ನು ಅಜ್ಜಿ ಮನೆಗೆ ಕಳಿಸಿದರೆ ಓದಲು ದೊಡ್ಡ ಬಿಡುವು ಸಿಗುತ್ತದೆ. ಹೊಲ ಇರುವವರಿಗೆ ಇದು ತಿರುಗುಮುರುಗು. ನವೆಂಬರ್-ಡಿಸೆಂಬರ್‌ನಲ್ಲಿ ರಾಗಿ ಕೊಯ್ಲು, ಒಕ್ಕಣೆ. ಅವರು ಡಿಸೆಂಬರ್‌ಗೆ ಎರಡು ಇಟ್ಟುಕೊಳ್ಳಲಿ.

ಶಿಫ್ಟಿಗೆ ತಕ್ಕ ಓದು

ದಿನಾ ಇಷ್ಟು ಗಂಟೆಗೆ ಓದುತ್ತೇನೆ ಎಂಬ ಒಂದೇ ಟೈಂಟೇಬಲ್ ಶಿಫ್ಟ್ ಮಾಡುವವರ ಮನೆಯಲ್ಲಿ ಎರಡನೇ ವಾರಕ್ಕೇ ಮುರಿಯುತ್ತದೆ. ಮೂರು ವಾರಕ್ಕೆ ಮೂರು ಬೇಕು.

ಬೆಳಿಗ್ಗೆ 6ರಿಂದ 2ರ ಶಿಫ್ಟಿನ ವಾರ: ಮನೆಗೆ ಬಂದು ಊಟ ಮಾಡಿ ಮೂರಕ್ಕೆ ಕೂತರೆ ಮಕ್ಕಳು ಶಾಲೆಯಿಂದ ಬರುವ ನಾಲ್ಕೂವರೆವರೆಗೆ ಒಂದೂವರೆ ಗಂಟೆ. ಆರು ದಿನಕ್ಕೆ ಒಂಬತ್ತು, ಭಾನುವಾರ ಮೂರು, ಒಟ್ಟು ಹನ್ನೆರಡು.

ಮಧ್ಯಾಹ್ನ 2ರಿಂದ ರಾತ್ರಿ 10ರ ವಾರ ಓದಿಗೆ ಚಿನ್ನದಂಥದ್ದು. ಮಕ್ಕಳು ಹೋದ ಮೇಲೆ ಒಂಬತ್ತೂವರೆಯಿಂದ ಹನ್ನೊಂದೂವರೆ, ತಲೆ ಹಗುರಾಗಿರುವ ಎರಡು ಗಂಟೆ. ಹೊಸ ಪಾಠ, ಲೆಕ್ಕಶಾಸ್ತ್ರ, ಅರ್ಥವಾಗದ ಅಧ್ಯಾಯಗಳನ್ನೆಲ್ಲ ಈ ವಾರಕ್ಕೆ ಎತ್ತಿಡಿ. ಭಾನುವಾರ ಸೇರಿ ಹದಿನೈದು ಗಂಟೆ.

ರಾತ್ರಿ ಪಾಳಿಯ ವಾರ ಹೊಸದನ್ನು ಓದಲು ಹೋಗಬೇಡಿ. ನಿದ್ದೆಗೆಟ್ಟ ತಲೆಗೆ ಓದಿದ್ದು ನಿಲ್ಲುವುದಿಲ್ಲ. ಅಸೈನ್‌ಮೆಂಟ್‌ನ ಶುದ್ಧ ಪ್ರತಿ ಬರೆಯುವುದು, ಗೆರೆ ಹಾಕುವುದು, ಪುಟ ಸಂಖ್ಯೆ ಹಾಕುವುದು, ಇಂಥ ಕೈಕೆಲಸ ಆರು ಗಂಟೆ ಮಾಡಿದರೆ ಸಾಕು. ಮೂರು ವಾರದ ಸರಾಸರಿ ಹನ್ನೊಂದಕ್ಕೆ ಬರುತ್ತದೆ.

ಜನರಲ್ ಶಿಫ್ಟ್, ಗಾರ್ಮೆಂಟ್ಸ್, ಕಚೇರಿ ಕೆಲಸದವರಿಗೆ ಬೆಳಗಿನ ಜಾವವೇ ಗತಿ: ಓದುವುದು ಬೆಳಿಗ್ಗೆ, ಬರೆಯುವುದು ರಾತ್ರಿ. ಮನೆಯಲ್ಲಿ ಜಾಗವಿಲ್ಲದವರು ಭಾನುವಾರ ನಗರ ಗ್ರಂಥಾಲಯ, ಹಳ್ಳಿಯಲ್ಲಾದರೆ ಪಂಚಾಯಿತಿಯ ಅರಿವು ಕೇಂದ್ರ ತೆರೆದಿರುವ ಹೊತ್ತು ತಿಳಿದುಕೊಂಡು ಹೋಗಬಹುದು. ರೈಲಿನಲ್ಲಿ ಹೋಗುವವರು ಕೂರಲು ಸೀಟ್ ಸಿಕ್ಕರೆ ಓದಿ, ಸಿಗದಿದ್ದರೆ ನಿಮ್ಮದೇ ದನಿಯಲ್ಲಿ ರೆಕಾರ್ಡ್ ಮಾಡಿಟ್ಟ ನೋಟ್ಸ್ ಕೇಳಿ.

ಮನೆಯವರ ಹತ್ತಿರ ‘ಸಪೋರ್ಟ್ ಮಾಡಿ’ ಎಂದರೆ ಎಲ್ಲರೂ ಆಯ್ತು ಎನ್ನುತ್ತಾರೆ, ಏನೂ ಆಗುವುದಿಲ್ಲ. ಕೆಲಸ ಹೆಸರಿಸಿ ಕೇಳಿ. ‘ಮಂಗಳವಾರ, ಗುರುವಾರ ರಾತ್ರಿ ಅಡುಗೆ ನಿಮ್ಮದು ರೀ. ಭಾನುವಾರ ಹತ್ತರಿಂದ ಒಂದರವರೆಗೆ ಮಗೂನ ಹೊರಗೆ ಕರ್ಕೊಂಡು ಹೋಗಿ.’ ಓದುತ್ತಿರುವುದು ಗಂಡಸಾದರೆ ಆ ಗಂಟೆಗಳನ್ನು ಹೆಂಡತಿಯ ಹೆಗಲಿಗೆ ಹಾಕಿರುತ್ತಾರೆ. ಹೆಂಡತಿಯ ಯಾವ ಕೆಲಸವನ್ನು ತಾವು ಹೊರುತ್ತೇವೆ ಎಂಬುದನ್ನೂ ಅಂಥವರು ಹೇಳಬೇಕು. ‘ಈ ವಯಸ್ಸಲ್ಲಿ ಓದ್ಕೊಂಡು ಏನ್ ಮಾಡ್ತೀಯಮ್ಮ’ ಎಂಬ ಅತ್ತೆಯವರ ಮಾತಿಗೆ ಉತ್ತರ ಕೊಡುತ್ತಾ ಕೂರಬೇಡಿ, ಅದಕ್ಕೂ ಅರ್ಧ ಗಂಟೆ ಹಿಡಿಯುತ್ತದೆ.

ಅಸೈನ್‌ಮೆಂಟ್ ಎಂಬ ಸಣ್ಣ ಗುಂಡಿ

ಇಗ್ನೊದಲ್ಲಿ ಬಹುತೇಕ ವಿಷಯಗಳಿಗೆ ಅಸೈನ್‌ಮೆಂಟ್‌ಗೆ ಶೇ 30, ಪರೀಕ್ಷೆಗೆ ಶೇ 70. ಎರಡರಲ್ಲೂ ಬೇರೆ ಬೇರೆಯಾಗಿ ಪಾಸಾಗಬೇಕು. ಪರೀಕ್ಷೆಯಲ್ಲಿ ಎಷ್ಟೇ ಅಂಕ ಬಂದರೂ ಅಸೈನ್‌ಮೆಂಟ್ ಕೊಡದಿದ್ದರೆ ಆ ವಿಷಯ ಮುಗಿಯುವುದಿಲ್ಲ. ಪ್ರಶ್ನೆಗಳು ಬದಲಾಗುತ್ತಾ ಇರುತ್ತವೆ. ಕಳೆದ ವರ್ಷದ ಪ್ರಶ್ನೆಗೆ ಬರೆದು ಕೊಟ್ಟರೆ ವ್ಯರ್ಥ. ಕೈಬರಹದಲ್ಲೇ ಇರಬೇಕು. ಪೇಟೆಯಲ್ಲಿ ಸಿಗುವ ಸಿದ್ಧ ಉತ್ತರ ತಂದು ನಕಲು ಮಾಡಿದರೆ ಅದೇ ಕೇಂದ್ರಕ್ಕೆ ಅದೇ ಉತ್ತರ ಇನ್ನೂ ಇಪ್ಪತ್ತು ಮಂದಿಯಿಂದ ಬಂದಿರುತ್ತದೆ, ನೋಡುವವರಿಗೆ ಗೊತ್ತಾಗುತ್ತದೆ.

ಮೊದಲ ಪುಟದಲ್ಲಿ ನೋಂದಣಿ ಸಂಖ್ಯೆ, ಕೋರ್ಸ್ ಕೋಡ್, ಅಧ್ಯಯನ ಕೇಂದ್ರದ ಕೋಡ್ ಇರಲಿ. ಕೊಡುವ ಮೊದಲು ಪ್ರತಿ ಪುಟದ ಫೋಟೊ ತೆಗೆಯಿರಿ. ಕೊಟ್ಟಾಗ ಸೀಲು ಹಾಕಿದ ರಸೀದಿ ತೆಗೆದುಕೊಂಡು ಅದರದ್ದೂ ಫೋಟೊ ತೆಗೆಯಿರಿ. ಅಂಕ ಜಾಲತಾಣದಲ್ಲಿ ಏರದೆ ಉಳಿಯುವುದು ಸಾಮಾನ್ಯ. ಆರು ತಿಂಗಳ ನಂತರ ‘ನೀವು ಕೊಟ್ಟೇ ಇಲ್ಲ’ ಎಂಬ ಮಾತು ಬಂದಾಗ ನಿಮ್ಮ ಕಡೆಗಿರುವುದು ಆ ರಸೀದಿ ಮಾತ್ರ.

ಕೈ ಓಡಬೇಕು

ವರ್ಷಗಟ್ಟಲೆ ಮೊಬೈಲಿನಲ್ಲೇ ಬರೆದವರಿಗೆ ಪರೀಕ್ಷೆಯಲ್ಲಿ ಕೈಕೊಡುವುದು ನೆನಪಿಗಿಂತ ಮೊದಲು ಬೆರಳು. ಮೂರು ಗಂಟೆಗೆ ಐದು ದೊಡ್ಡ ಪ್ರಶ್ನೆ, ಒಂದೊಂದಕ್ಕೆ ಸುಮಾರು 500 ಪದ ಎಂದಿಟ್ಟುಕೊಳ್ಳಿ. ಒಂದಕ್ಕೆ 35 ನಿಮಿಷ ಕೊಟ್ಟರೆ 175 ನಿಮಿಷ, ಉಳಿಯುವುದು ಐದೇ ನಿಮಿಷ. ನಿಮಿಷಕ್ಕೆ 14-15 ಪದ ನಿಲ್ಲದೆ ಬರೆಯಬೇಕು. ಪರೀಕ್ಷೆಗೆ ಎಂಟು ವಾರ ಮೊದಲಿನಿಂದ ವಾರಕ್ಕೆ ಎರಡು ಸಲ ಗಡಿಯಾರ ಇಟ್ಟುಕೊಂಡು 35 ನಿಮಿಷ ಬರೆಯಿರಿ. ಮೊದಲ ದಿನ 250 ಪದಕ್ಕೇ ಹೆಬ್ಬೆರಳ ಬುಡ ನೋಯುತ್ತದೆ, ಸಾಲು ಮೇಲಕ್ಕೆ ಏರುತ್ತದೆ. ಪೆನ್ನು ಒತ್ತಿ ಹಿಡಿಯುವುದು ಕಾರಣ. ದಪ್ಪ ಹಿಡಿಯ, ಸರಾಗ ಹರಿಯುವ ಪೆನ್ನು ತೆಗೆದುಕೊಂಡು ಪರೀಕ್ಷೆಗೂ ಅದನ್ನೇ ಒಯ್ಯಿರಿ.

ಏನು ಓದಬೇಕು ಎಂಬುದಕ್ಕೆ ಹಿಂದಿನ ಐದಾರು ಪ್ರಶ್ನೆಪತ್ರಿಕೆ ತೆಗೆದು, ಪುಸ್ತಕದ ಪರಿವಿಡಿಯ ಪಕ್ಕದಲ್ಲೇ ಯಾವ ಅಧ್ಯಾಯದಿಂದ ಎಷ್ಟು ಸಲ ಬಂದಿದೆ ಎಂದು ಗೀಟು ಹಾಕುತ್ತಾ ಹೋಗಿ. ಗೀಟು ಹೆಚ್ಚಿರುವ ಅಧ್ಯಾಯಗಳನ್ನು ಮೊದಲು ಮುಗಿಸಿ. ಒಂದೂ ಗೀಟು ಬೀಳದ್ದನ್ನು ಕೊನೆಗೆ ಸಮಯ ಉಳಿದರೆ ನೋಡಿ. ಇದು ಪಾಂಡಿತ್ಯದ ದಾರಿಯಲ್ಲ, ವಾರಕ್ಕೆ ಹನ್ನೊಂದು ಗಂಟೆ ಇರುವವರ ದಾರಿ.

ರಜೆ ಮತ್ತು ಪರೀಕ್ಷೆಯ ದಿನ

ಕಾರ್ಖಾನೆಯಲ್ಲಿ ಗಳಿಕೆ ರಜೆ 20 ದಿನ ದುಡಿದದ್ದಕ್ಕೆ 1ರಂತೆ ಸೇರುತ್ತದೆ. ಅದನ್ನು ಹಬ್ಬ, ಜಾತ್ರೆಗೆ ಖಾಲಿ ಮಾಡದೆ ಪರೀಕ್ಷೆಗೆ ಉಳಿಸಿ. ವೇಳಾಪಟ್ಟಿ ಬಂದ ದಿನವೇ ಪ್ರತಿ ಲಗತ್ತಿಸಿ, ಕನಿಷ್ಠ 15 ದಿನ ಮೊದಲು ಬರಹದಲ್ಲಿ ರಜೆ ಕೇಳಿ. ಶಿಫ್ಟ್ ಬದಲಾಯಿಸಿಕೊಳ್ಳಬಹುದಾದ ಸಹೋದ್ಯೋಗಿಯ ಹೆಸರನ್ನೂ ಅದರಲ್ಲೇ ಸೂಚಿಸಿದರೆ ಸೂಪರ್‌ವೈಸರ್‌ಗೆ ಇಲ್ಲ ಎನ್ನುವುದು ಕಷ್ಟ. ಎಚ್‌ಆರ್‌ಗೆ ಕೊಟ್ಟ ಅರ್ಜಿಯ ಪ್ರತಿಗೆ ಸಹಿ ಹಾಕಿಸಿಕೊಳ್ಳಿ.

ಪರೀಕ್ಷಾ ಕೇಂದ್ರ ಆರಿಸುವಾಗ ಬಸ್ ನೋಡಿ ಆರಿಸಿ. ಪಾವಗಡದಿಂದ ತುಮಕೂರಿಗೆ ಸುಮಾರು 100 ಕಿಲೋಮೀಟರ್. ಬೆಳಗಿನ ಪರೀಕ್ಷೆಗೆ ಅದೇ ದಿನ ಹೊರಡುವುದು ಜೂಜು. ಹಿಂದಿನ ರಾತ್ರಿಯೇ ಬಂದು ನೆಂಟರ ಮನೆಯಲ್ಲಿ ಉಳಿಯಿರಿ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಿಂದ ಸಾಮಾನ್ಯ ಬಸ್ಸಿನ ಖರ್ಚಿಲ್ಲ, ಹಾಗಾಗಿ ಭಾನುವಾರದ ಸಂಪರ್ಕ ತರಗತಿ ತಪ್ಪಿಸಲು ಚಾರ್ಜಿನ ನೆಪವೂ ಇಲ್ಲ.

ಮಗುವನ್ನು ನೋಡಿಕೊಳ್ಳಲು ಒಬ್ಬರನ್ನು ಗೊತ್ತು ಮಾಡಿದರೆ ಸಾಲದು, ಮೂವರು ಬೇಕು. ಮೊದಲನೆಯವರು ಅಜ್ಜಿ ಎಂದಿಟ್ಟುಕೊಳ್ಳಿ, ಅವರಿಗೇ ಹುಷಾರಿಲ್ಲದಿದ್ದರೆ ಅಕ್ಕ ಅಥವಾ ನಾದಿನಿ, ಅವರೂ ಊರಲ್ಲಿಲ್ಲದಿದ್ದರೆ ಪಕ್ಕದ ಮನೆಯವರು. ಮೂವರಿಗೂ ಪರೀಕ್ಷೆಯ ತಾರೀಖು, ಡಾಕ್ಟರ್ ನಂಬರ್, ಜ್ವರದ ಔಷಧಿ ಎಷ್ಟು ಕೊಡಬೇಕು ಎಂದು ಡಾಕ್ಟರ್ ಬರೆದುಕೊಟ್ಟ ಚೀಟಿ ಮೊದಲೇ ಕೊಟ್ಟಿಡಿ. ಅಂಗನವಾಡಿ, ಪಂಚಾಯಿತಿಯ ಕೂಸಿನ ಮನೆ ರಜೆಯ ದಿನ ತೆರೆದಿರುವುದಿಲ್ಲ ಎಂಬುದು ನೆನಪಿರಲಿ. ಹಾಲು ಕುಡಿಯುವ ಕೂಸಿದ್ದರೆ ಜೊತೆಗೊಬ್ಬರು ಬಂದು ಕೇಂದ್ರದ ಹೊರಗೆ ಇರಬೇಕು. ಒಳಗೆ ಹೋಗುವ ಹದಿನೈದು ನಿಮಿಷ ಮೊದಲು ಹಾಲು ಕುಡಿಸಿ. ಇಷ್ಟಾಗಿಯೂ ಒಂದು ಪೇಪರ್ ತಪ್ಪಿದರೆ ಅದು ಒಂದು ಪೇಪರ್ ಮಾತ್ರ. ಉಳಿದವುಗಳನ್ನು ಬರೆಯಿರಿ, ಪಾಸಾದ ಅಸೈನ್‌ಮೆಂಟ್‌ನ ಅಂಕ ಹಾಗೇ ಇರುತ್ತದೆ.

ದುಡ್ಡು

ಪ್ರವೇಶ ಶುಲ್ಕ ಮಾತ್ರ ಲೆಕ್ಕ ಹಾಕಬೇಡಿ. ಪರೀಕ್ಷಾ ಶುಲ್ಕ, ಜೆರಾಕ್ಸ್, ಸೈಬರ್ ಸೆಂಟರ್, ಸಂಬಳವಿಲ್ಲದ ರಜೆ, ಕೊನೆಗೆ ಪದವಿ ಪ್ರಮಾಣಪತ್ರದ ಶುಲ್ಕ ಎಲ್ಲ ಸೇರುತ್ತದೆ. ವಾರದ ಕಂತಿನ ಸಂಘದ ಸಾಲ ತೆಗೆದು ಫೀಸ್ ಕಟ್ಟುವುದು ಬೇಡ; ಕಂತು ತಪ್ಪಿದಾಗ ಓವರ್‌ಟೈಂ ಮಾಡಬೇಕಾಗುತ್ತದೆ, ಓದುವ ಗಂಟೆಗಳೇ ಅದಕ್ಕೆ ಹೋಗುತ್ತವೆ. ಚೀಟಿ ಹಾಕುವ ಅಭ್ಯಾಸ ಇದ್ದರೆ ಜುಲೈ ತಿಂಗಳಿಗೆ ಎತ್ತುವಂತೆ ನೋಡಿಕೊಳ್ಳಿ. ಕಾರ್ಮಿಕ ಕಲ್ಯಾಣ ಮಂಡಳಿಯ ಶೈಕ್ಷಣಿಕ ಸಹಾಯಧನ ಇರುವುದು ಕಾರ್ಮಿಕರ ಮಕ್ಕಳಿಗೆ, ಅದಕ್ಕೆ ನಿಮ್ಮ ಹೆಸರಲ್ಲಿ ಅರ್ಜಿ ಹಾಕಿ ಅಲೆಯಬೇಡಿ. ಶುಲ್ಕ ರಿಯಾಯಿತಿ ಯಾವ ವರ್ಗಕ್ಕೆ ಇದೆ ಎಂದು ಹಣ ಕಟ್ಟುವ ಮೊದಲೇ ಪ್ರಾದೇಶಿಕ ಕೇಂದ್ರದಲ್ಲಿ ಕೇಳಿ. ಕಟ್ಟಿದ ಮೇಲೆ ವಾಪಸ್ ಪಡೆಯುವುದು ಇನ್ನೊಂದು ಡಿಗ್ರಿ ಮಾಡಿದಂತೆ.

ಪಾಸಾದ ಮೇಲೆ

ಫಲಿತಾಂಶ ಬಂತು ಎಂದು ಸ್ವೀಟ್ ಹಂಚಿ ಸುಮ್ಮನಾದವರು, ಎರಡು ವರ್ಷದ ನಂತರ ನೇಮಕಾತಿ ಅಧಿಸೂಚನೆ ಬಂದಾಗ ಮೈಸೂರಿಗೋ ಬೆಂಗಳೂರಿಗೋ ಓಡುತ್ತಾರೆ. ಎಲ್ಲ ಸೆಮಿಸ್ಟರ್‌ನ ಅಂಕಪಟ್ಟಿ ಕೈಗೆ ಬಂದಿದೆಯೇ ನೋಡಿ, ಆ ತಿಂಗಳೇ ತಾತ್ಕಾಲಿಕ ಪದವಿ ಪ್ರಮಾಣಪತ್ರಕ್ಕೂ ಘಟಿಕೋತ್ಸವಕ್ಕೂ ಅರ್ಜಿ ಹಾಕಿ. ಡಿಜಿಲಾಕರ್‌ನಲ್ಲಿ ಅಂಕಪಟ್ಟಿ ಕಾಣಿಸುತ್ತದೆಯೇ ಪರೀಕ್ಷಿಸಿ. ಮೂಲಪ್ರತಿ ಬಂದ ದಿನ ಹೆಸರು, ಇನಿಷಿಯಲ್, ನೋಂದಣಿ ಸಂಖ್ಯೆ, ಪಾಸಾದ ತಿಂಗಳು ಮತ್ತು ವರ್ಷ ಈ ನಾಲ್ಕನ್ನೂ ಎಸ್ಸೆಸ್ಸೆಲ್ಸಿ ಕಾರ್ಡ್ ಮತ್ತು ಹಾಲ್ ಟಿಕೆಟ್ ಪಕ್ಕದಲ್ಲಿಟ್ಟು ತಾಳೆ ನೋಡಿ. ತಪ್ಪಿದ್ದರೆ ಅದೇ ವಾರ ತಿದ್ದುಪಡಿ ಅರ್ಜಿ ಕೊಡಿ, ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಹಿಂಬದಿಯಲ್ಲಿ ಸೀಲು ಬೀಳಬೇಕಾದ ಸಂದರ್ಭ ಬಂದರೆ ಲ್ಯಾಮಿನೇಟ್ ಮಾಡಿದ ಕಾಗದ ಕೆಲಸಕ್ಕೆ ಬರುವುದಿಲ್ಲ.